ಅಂಟು ಬಿಟ್ಟಿದೆ

ಮೇಜು, ಕುರ್ಚಿ, ಬೀರು ಮಾಡುವ ಆ ಕಾರ್ಖಾನೆಯಲ್ಲಿ ‘ಒಣಗಿದೆ’ ಎಂಬ ಮಾತಿಗೆ ಬೆಲೆ ಇರಲಿಲ್ಲ. ಒಣಗಿದೆ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಬಡಗಿ ಹೇಳುತ್ತಿದ್ದ, ಲಾರಿಯವನು ಹೇಳುತ್ತಿದ್ದ, ಅವಸರದಲ್ಲಿದ್ದಾಗ ಯಜಮಾನರಂತೂ ಪಾಲಿಶಿನ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಹೇಳಿಬಿಡುತ್ತಿದ್ದರು. ಬೆಲೆ ಇದ್ದದ್ದು ‘ಅಂಟು ಬಿಟ್ಟಿದೆ’ ಎಂಬ ಮಾತಿಗೆ, ಅದೂ ಪಾಲಿಶಿನವನು ಹೇಳಿದರೆ. ಅವನು ನಡುಬೆರಳನ್ನು ಮಡಿಚಿ, ಬೆರಳು ಅಂಟಿ ಹಿಡಿಯುತ್ತದೆಯೇ ಎಂದು ಅದರ ಬೆನ್ನನ್ನು ಮರಕ್ಕೆ ಸೋಕಿಸಿ, ಕಣ್ಣು ಮುಚ್ಚಿ, ದೂರದಲ್ಲಿ ಯಾರೋ ಕರೆದದ್ದನ್ನು ಕೇಳಿಸಿಕೊಳ್ಳುವವನ ಹಾಗೆ ಒಂದು ಗಳಿಗೆ ನಿಲ್ಲುತ್ತಿದ್ದ. ಆಮೇಲೆ ಆ ಎರಡು ಪದ. ಅದಾದ ಮೇಲೆ ಎರಡನೆಯ ಕೈ ಪಾಲಿಶ್ ಹಚ್ಚಬಹುದಿತ್ತು, ಸುತ್ತಿ ಲಾರಿಗೆ ಏರಿಸಬಹುದಿತ್ತು. ಅಷ್ಟು ವರ್ಷಗಳಲ್ಲಿ ಅವನ ಆ ಮಾತು ಒಮ್ಮೆಯೂ ಸುಳ್ಳಾದದ್ದಿಲ್ಲ. ಸುಳ್ಳಾಗದ ಮಾತು ಇರುವ ಮನುಷ್ಯ ಸ್ವಲ್ಪ ಕೆಡುತ್ತಾನೆ. ಅವನೂ ಅಷ್ಟಿಷ್ಟು ಕೆಟ್ಟಿದ್ದ.

ಅವನನ್ನು ಎಲ್ಲರೂ ಕನ್ನಡಿ ಎನ್ನುತ್ತಿದ್ದರು. ಅವನು ಉಜ್ಜಿದ ಮೇಜಿನಲ್ಲಿ ಮುಖ ನೋಡಿ ಮೀಸೆ ಕತ್ತರಿಸಿಕೊಳ್ಳಬಹುದು ಎಂದು ಹಿಂದೊಮ್ಮೆ ಯಾರೋ ಹೊಗಳಿದ್ದರು. ಮಾತಿಗೆ ಅಂದ ಆ ಹೊಗಳಿಕೆಯನ್ನು ಅವನು ಸಂಬಳದ ಹಾಗೆ ಎಣಿಸಿ ಒಳಗಿಟ್ಟುಕೊಂಡಿದ್ದ. ಅವನ ಕೋಣೆ ಕಾರ್ಖಾನೆಯ ಹಿಂದುಗಡೆ. ಹಸಿ ಪಾಲಿಶಿನ ಮೇಲೆ ಧೂಳು ಕೂರಬಾರದೆಂದು ಅದರ ಕಿಟಕಿಗಳನ್ನು ಯಾವಾಗಲೂ ಮುಚ್ಚಿಯೇ ಇಡುತ್ತಿದ್ದರು. ಒಳಗೆ ಅರಗಿನ, ಸ್ಪಿರಿಟಿನ ವಾಸನೆ. ಹೊಸಬರು ಎರಡು ನಿಮಿಷಕ್ಕೆ ಹೊರಗೆ ಓಡುತ್ತಿದ್ದರು. ಓಡದೆ ನಿಲ್ಲುತ್ತಿದ್ದವಳು ಪುಟ್ಟಿ ಒಬ್ಬಳೇ.

ಪುಟ್ಟಿ ಎಂದರೆ ಕನ್ನಡಿಯ ಹೆಂಡತಿಯ ತಂಗಿ. ಅದೇ ಕಾರ್ಖಾನೆಯಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯುವವಳು. ಮೂವತ್ತೊಂಬತ್ತು ದಾಟಿ ತಲೆಯಲ್ಲಿ ಬಿಳಿ ಎಳೆಗಳು ಕಾಣಿಸಿದ್ದರೂ ಹೆಸರು ಮಾತ್ರ ತೊಟ್ಟಿಲಲ್ಲಿ ಇಟ್ಟದ್ದೇ ಉಳಿದಿತ್ತು. ಮರದ ಬಿರುಕಿಗೆ ತುಂಬುವ ಮೇಣದಂಥ ವಸ್ತುವಿಗೂ ಅಲ್ಲಿ ಪುಟ್ಟಿ ಎಂದೇ ಹೆಸರು. ಹಾಗಾಗಿ ದಿನಕ್ಕೆ ನಾಲ್ಕು ಸಲವಾದರೂ “ಪುಟ್ಟಿ ಎಲ್ಲಿ, ಗಟ್ಟಿಯಾಗೋಯ್ತಾ?” ಎಂದು ಬಡಗಿಗಳು ಕೂಗುವುದು, “ಗಟ್ಟಿಯಾಗಿ ಬಹಳ ವರ್ಷ ಆಯ್ತು” ಎಂದು ಅವಳು ಮೂಲೆಯಿಂದ ಉತ್ತರ ಕೊಡುವುದು ನಡೆದೇ ಇತ್ತು. ಮದುವೆಯಾಗಿ, ಆಗಿದ್ದು ಸಾಕೆನಿಸಿ ವಾಪಸು ಬಂದು, ಅಕ್ಕನ ಮನೆಯ ಪಕ್ಕದ ಬೀದಿಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದಳು.

ಅವಳ ಕೆಲಸ ಕಾರ್ಖಾನೆಯಲ್ಲಿ ಕೊನೆಯ ಉಸಿರು ಎಳೆಯುತ್ತಿತ್ತು. ಯಂತ್ರದಲ್ಲಿ ಹೆಣೆದ ಬೆತ್ತ ಈಗ ಬಟ್ಟೆಯ ಹಾಗೆ ಸುರುಳಿಯಲ್ಲಿ ಬರುತ್ತದೆ, ಕತ್ತರಿಸಿ ಅಂಟಿಸಿದರೆ ಆಯಿತು. ಅವಳಿಗೆ ಬರುತ್ತಿದ್ದದ್ದು ತಿಂಗಳಿಗೆ ನಾಲ್ಕೋ ಐದೋ ಹಳೆಯ ಕುರ್ಚಿಗಳ ರಿಪೇರಿ. ಉಳಿದ ಹೊತ್ತು ಯಜಮಾನರು ಅವಳಿಗೆ ಮರಳುಕಾಗದ ಕೊಟ್ಟು ಉಜ್ಜಲು ಕೂರಿಸುತ್ತಿದ್ದರು. ಹಾಗಿರುವಾಗ ಕರಕುಶಲ ಶಾಲೆಯವರು ಬೆತ್ತದ ಕೆಲಸ ಕಲಿಸುವವರು ಬೇಕೆಂದು ಕರೆದರು. ಅಂಥ ಕರೆ ಅದೆಷ್ಟೋ ವರ್ಷಕ್ಕೊಮ್ಮೆ ಬರುವಂಥದ್ದು. ನಲವತ್ತು ತುಂಬಿದವರಿಗೆ ಅವಕಾಶವಿಲ್ಲ. ಪುಟ್ಟಿಗೆ ನಲವತ್ತು ತುಂಬಲು ಮೂರು ತಿಂಗಳಿಗಿಂತ ಕಡಿಮೆ ಇತ್ತು.

ಅವಳಿಗೆ ಆ ಕೆಲಸ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ ಅದರ ಬಗ್ಗೆ ತಮಾಷೆ ಮಾಡುವುದನ್ನೇ ಬಿಟ್ಟಿದ್ದಳು. ಬೆತ್ತದ ಎಳೆಯನ್ನು ಎಷ್ಟು ಹೊತ್ತು ನೆನೆಸಬೇಕು, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನೆಲ್ಲ ಯಾರಿಗಾದರೂ ಹೇಳಬೇಕೆಂದು ಅವಳ ನಾಲಿಗೆ ತುರಿಸುತ್ತಿತ್ತು. ಕಾರ್ಖಾನೆಯಲ್ಲಿ ಕೇಳುವವರು ಇರಲಿಲ್ಲ. ಅಕ್ಕ ಕೇಳುತ್ತಾ ಕೇಳುತ್ತಾ ತೂಕಡಿಸುತ್ತಿದ್ದಳು. ಎದುರಿಗೆ ಬೆಂಚಿನ ಮೇಲೆ ಹತ್ತು ಜನ ಕೂತು, ಅವರಲ್ಲಿ ಇಬ್ಬರಾದರೂ ಕಣ್ಣು ಬಿಟ್ಟುಕೊಂಡಿದ್ದರೆ ಸಾಕು ಎಂದು ಒಮ್ಮೆ ಹೇಳಿದ್ದಳು.

ಪರೀಕ್ಷೆಯ ಕ್ರಮ ಹೀಗಿತ್ತು. ಅಭ್ಯರ್ಥಿ ತನ್ನದೇ ಕುರ್ಚಿ ತರಬೇಕು, ಅರ್ಧ ಹೆಣೆದಿರಬೇಕು, ಉಳಿದರ್ಧವನ್ನು ಅಲ್ಲೇ ಕೂತು ಹೆಣೆದು ತೋರಿಸಬೇಕು. ಬಡಗಿಗಳು ಸೇರಿ ಅವಳಿಗೊಂದು ಕುರ್ಚಿಯ ಚೌಕಟ್ಟು ಮಾಡಿಕೊಟ್ಟರು. ಚೌಕಟ್ಟಿಗೆ ಮೊದಲು ಪಾಲಿಶ್ ಆಗಬೇಕು, ಆಮೇಲೆ ಬೆತ್ತ. ಪಾಲಿಶ್ ಆಗಬೇಕಿದ್ದ ವಾರವೇ ಕನ್ನಡಿ ಜ್ವರ ಬಂದು ಮಲಗಿದ. ಮಾರನೆಯ ದಿನ ಎದೆಯ ಮೇಲೆ ನೀರು ತುಂಬಿದ ಗುಳ್ಳೆಗಳು ಎದ್ದವು.

ಚಿಕನ್ ಪಾಕ್ಸ್. ಮಹಡಿ ಮನೆಯ ಮಗು ಅವನ ಹೆಗಲೇರಿ ಆಡಿ ಹೋಗಿ ಎರಡು ವಾರವಾಗಿತ್ತು. ಅವನಿಗೆ ನೋವಿಗಿಂತ ಹೆಚ್ಚಾಗಿ ಆದದ್ದು ಅವಮಾನ. ಐವತ್ತರ ಗಂಡಸು, ಕಾಯಿಲೆ ಮಾತ್ರ ಮಕ್ಕಳದ್ದು. ಕಾರ್ಖಾನೆಯಿಂದ ಬಂದ ಫೋನುಗಳೂ ಅದಕ್ಕೆ ತಕ್ಕಂತೆ ಇದ್ದವು. ಬಡಗಿಯೊಬ್ಬ ಹಲ್ಲು ಬಂತಾ ಎಂದು ಕೇಳಿದ. ಇನ್ನೊಬ್ಬ, ಕೋಳಿಯ ಕಾಯಿಲೆ ಅಂತಾರಲ್ಲ, ಬೆಳಿಗ್ಗೆ ಎಷ್ಟು ಹೊತ್ತಿಗೆ ಕೂಗ್ತೀಯ ಎಂದ.

ಡಾಕ್ಟರಮ್ಮ ಅವನನ್ನು ದೂರದ ಬೆಂಚಿನಲ್ಲಿ ಕೂರಿಸಿ, ಕನ್ನಡಕದ ಮೇಲಿನಿಂದ ನೋಡಿ, ಎಲ್ಲವನ್ನೂ ಬಿಡಿಸಿ ಹೇಳಿದರು. ಗುಳ್ಳೆ ಎದ್ದ ದಿನದಿಂದ ಕಡೇಪಕ್ಷ ಐದು ದಿನ ಕೆಲಸಕ್ಕೆ ಹೋಗುವಂತಿಲ್ಲ. ಹಾಗೆಂದು ಐದಾದ ತಕ್ಷಣ ಎದ್ದು ಹೋಗಿ ಎಂದಲ್ಲ. ಹೊಸ ಗುಳ್ಳೆ ಏಳುವುದು ನಿಂತು, ಇರುವುದರಲ್ಲಿ ಕೊನೆಯದೂ ಹಕ್ಕಳೆ ಕಟ್ಟಬೇಕು. ದೊಡ್ಡವರಿಗೆ ಅದು ಇನ್ನೂ ತಡವಾಗಬಹುದು. ದೊಡ್ಡವರಿಗೆ ಈ ಕಾಯಿಲೆ ಮಕ್ಕಳಿಗಿಂತ ಜೋರಾಗಿಯೇ ಬರುತ್ತದೆ. ಮುಂಚೆ ಬಾರದವರ ಹತ್ತಿರ, ಬಸುರಿಯರ ಹತ್ತಿರ ಸುಳಿಯಕೂಡದು. ಇಷ್ಟೆಲ್ಲ ಹೇಳಿ, ರೋಗಿಗೆ ಅರ್ಥವಾಗಲೆಂದು ಕೊನೆಗೆ ಸರಳವಾಗಿ ಒಂದು ಮಾತು ಸೇರಿಸಿದರು.

“ಒಟ್ಟಿನಲ್ಲಿ, ಅಂಟೋದು ನಿಲ್ಲೋವರೆಗೂ ಮನೇಲೇ ಇರಿ.”

ಕನ್ನಡಿ ಹಿಂದಿನದನ್ನೆಲ್ಲ ಬಿಟ್ಟು ಇದನ್ನು ಹಿಡಿದುಕೊಂಡ. ಅವರು ಹೇಳಿದ್ದರಲ್ಲಿ ಅವನ ಭಾಷೆಯದ್ದೆಂದರೆ ಅದೊಂದೇ.

ಮಲಗಿದಲ್ಲೂ ಅವನಿಗೆ ಕುರ್ಚಿಯದೇ ಧ್ಯಾನ. ಪುಟ್ಟಿ ಫೋನು ಮಾಡಿ, ಅವರು ನೋಡೋದು ಹೆಣಿಗೆಯನ್ನ, ಹೊಳಪನ್ನಲ್ಲ, ಪಾಲಿಶ್ ಯಾರು ಮಾಡಿದರೂ ನಡೆಯುತ್ತೆ ಎಂದಳು. ಯಜಮಾನರು ಪಕ್ಕದ ಕಾರ್ಖಾನೆಯ ಪಾಲಿಶಿನವನನ್ನು ಅರ್ಧ ದಿನ ಕರೆಸುವುದಾಗಿ ಹೇಳಿದರು. ಕನ್ನಡಿಗೆ ಅದು ಕಾಯಿಲೆಗಿಂತ ಜೋರಾಗಿ ತಗುಲಿತು. ಪಕ್ಕದವನನ್ನು ಅವನು ಪಾಲಿಶಿನವನೆಂದು ಒಪ್ಪುತ್ತಲೇ ಇರಲಿಲ್ಲ, ಎಣ್ಣೆ ಬಳಿಯುವವನು ಎನ್ನುತ್ತಿದ್ದ. ನಾದಿನಿಯ ಬಾಳು ನಿಂತಿರುವ ಕುರ್ಚಿಗೆ ಎಣ್ಣೆ ಬಳಿಯುವವನ ಕೈ ಬೀಳುವುದೇ? ಇದರಲ್ಲಿ ನಾದಿನಿಯ ಮೇಲಿನ ಪ್ರೀತಿ ಎಷ್ಟು, ತನ್ನ ಕೈಯ ಮೇಲಿನ ಪ್ರೀತಿ ಎಷ್ಟು ಎಂದು ಯಾರೂ ಅವನನ್ನು ಕೇಳಲಿಲ್ಲ. ಕೇಳಿದ್ದರೆ ಆಗ ಅವನು ಇಡೀ ಪಾಲನ್ನು ನಾದಿನಿಗೇ ಕೊಡುತ್ತಿದ್ದ.

ಗುಳ್ಳೆ ಎದ್ದ ಆರನೆಯ ಬೆಳಿಗ್ಗೆ ಹೆಂಡತಿ ಅಂಚೆ ಕಚೇರಿಯ ಕೆಲಸಕ್ಕೆ ಹೋದ ಮೇಲೆ ಅವನು ಅಂಗಿ ಬಿಚ್ಚಿ ಕಿಟಕಿಯ ಬೆಳಕಿಗೆ ಬಂದು ನಿಂತ. ನಡುಬೆರಳು ಮಡಿಚಿದ. ಮುಂದೋಳಿನ ಗುಳ್ಳೆಗಳ ಮೇಲೆ ಸೋಕಿಸಿ ಕಣ್ಣು ಮುಚ್ಚಿದ. ಎದೆ, ಹೊಟ್ಟೆ, ಕೆನ್ನೆ, ಎರಡೂ ಪಕ್ಕೆ ಎಲ್ಲವನ್ನೂ ಕ್ರಮವಾಗಿ ನೋಡಿದ. ಬೆರಳು ಎಲ್ಲೂ ಹಿಡಿಯಲಿಲ್ಲ. ಬೀರುವೊಂದನ್ನು ಪರೀಕ್ಷಿಸುವಂತೆಯೇ ತನ್ನನ್ನು ಪರೀಕ್ಷಿಸಿಕೊಂಡಿದ್ದ: ಮುಂಭಾಗ, ಬಲಮಗ್ಗುಲು, ಎಡಮಗ್ಗುಲು. ಬೀರುವಿನ ಬೆನ್ನು ಗೋಡೆಗೆ ಹೋಗುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಅವನೂ ನೋಡಲಿಲ್ಲ.

ಯಜಮಾನರಿಗೆ ಫೋನು ಮಾಡಿ, “ಅಂಟು ಬಿಟ್ಟಿದೆ, ಬರ್ತಿದೀನಿ,” ಎಂದ.

ಬೇರೆ ಯಾವ ಕಡೆಯಾದರೂ ಯಾರಾದರೊಬ್ಬರು ಡಾಕ್ಟರು ಏನಂದರು ಎಂದು ಕೇಳುತ್ತಿದ್ದರೇನೋ. ಆ ಕಾರ್ಖಾನೆಯಲ್ಲಿ ಆ ಮಾತಿನ ಮೇಲೆ ಇನ್ನೊಂದು ಪ್ರಶ್ನೆ ಕೇಳುವ ರೂಢಿಯೇ ಇರಲಿಲ್ಲ. ಯಜಮಾನರು ಬಡಗಿಗಳಿಗೆ ಹೇಳಿದರು, ಬಡಗಿಗಳು ಪುಟ್ಟಿಗೆ ಹೇಳಿದರು. ಪುಟ್ಟಿ ಕುರ್ಚಿಯ ಚೌಕಟ್ಟನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ನಡೆದಳು.

ಎರಡು ದಿನ ಅವರಿಬ್ಬರೂ ಆ ಮುಚ್ಚಿದ ಕಿಟಕಿಗಳ ಕೋಣೆಯಲ್ಲಿ ಕೆಲಸ ಮಾಡಿದರು. ಅವಳು ಚೌಕಟ್ಟನ್ನು ಹಿಡಿದು ತಿರುಗಿಸುತ್ತಿದ್ದಳು, ಅವನು ಬಟ್ಟೆಯ ಉಂಡೆಯನ್ನು ಅರಗಿನಲ್ಲಿ ಅದ್ದಿ, ಸುತ್ತು ಸುತ್ತಾಗಿ ಉಜ್ಜುತ್ತಿದ್ದ. ಅಷ್ಟು ಸಂತೋಷದ ದಿನಗಳು ಆ ಕೋಣೆಗೆ ಅಪರೂಪ. ಅವಳು ಪರೀಕ್ಷಕರ ಮುಂದೆ ಹೇಳಬೇಕಾದದ್ದನ್ನೆಲ್ಲ ಅವನ ಮುಂದೆ ಹೇಳಿ ನೋಡಿದಳು. ಅವನು ಪರೀಕ್ಷಕನಾಗಿ ಅಡ್ಡಪ್ರಶ್ನೆ ಹಾಕಿದ. ನಡುನಡುವೆ ಅವನ ಬೆನ್ನು ತುರಿಸುತ್ತಿತ್ತು. ಬಾಗಿಲ ಚೌಕಟ್ಟಿಗೆ ಎಮ್ಮೆಯ ಹಾಗೆ ಬೆನ್ನು ತಿಕ್ಕುವುದನ್ನು ನೋಡಿ ಅವಳು ನಕ್ಕು, ಅಳತೆಪಟ್ಟಿ ತೆಗೆದುಕೊಂಡು ಅಂಗಿಯ ಮೇಲಿಂದಲೇ ಕೆರೆದಳು. ಅಂಗಿ ಅಲ್ಲಲ್ಲಿ ಒದ್ದೆಯಾಗಿತ್ತು. ಬೆವರು ಎಂದ ಅವನು. ಆ ಕೋಣೆಯಲ್ಲಿ ಬೆವರದವರು ಯಾರು?

ಕುರ್ಚಿ ನಿಜವಾಗಿಯೂ ಕನ್ನಡಿಯಾಯಿತು.

ಎರಡನೆಯ ಸಂಜೆ ಅವನು ಸ್ನಾನಕ್ಕೆಂದು ಅಂಗಿ ಬಿಚ್ಚಿದಾಗ ಹೆಂಡತಿ ಹಿಂದೆ ನಿಂತಿದ್ದಳು.

“ಇದೇನ್ರೀ ಇದು, ಬೆನ್ನು ಇನ್ನೂ ಹಸಿ ಇದೆ,” ಎಂದಳು. “ಹೊಸದಾಗಿ ಬೇರೆ ಎದ್ದಿದೆ. ಇದನ್ನಿಟ್ಕೊಂಡು ಕೆಲಸಕ್ಕೆ ಹೋಗಿದ್ರಾ?”

ಅವನು ನಡುಬೆರಳನ್ನು ಹಿಂದಕ್ಕೆ ಹಾಯಿಸಿ ನೋಡಿದ. ಬೆರಳು ಹಿಡಿಯಿತು. ಮೊದಲು ಅವನ ಬಾಯಿಂದ ಬಂದದ್ದು ಪುಟ್ಟಿಗೆ ಈ ಕಾಯಿಲೆ ಆಗಿದೆಯೇ ಎಂಬ ಪ್ರಶ್ನೆ. ಹೆಂಡತಿ ಆಗಿದೆ ಎಂದಳು. ಹೆಣ್ಣುಮಕ್ಕಳಿಬ್ಬರಿಗೂ ಒಂದೇ ಸಲ ಬಂದು ಸಾಕುಸಾಕಾಯಿತು ಎಂದು ಅವರ ತಾಯಿ ಬದುಕಿರುವಷ್ಟು ದಿನವೂ ಹೇಳುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಆ ಮಾತನ್ನು ನಂಬಿ ನಿದ್ದೆ ಮಾಡಿದರು. ಕನ್ನಡಿ ಮತ್ತೆ ರಜೆ ಹಾಕಿ, ಬೆನ್ನಿನ ಕೊನೆಯ ಗುಳ್ಳೆಯೂ ಹಕ್ಕಳೆ ಕಟ್ಟಿದೆಯೆಂದು ಹೆಂಡತಿ ಹೇಳುವವರೆಗೆ ಮನೆಯಲ್ಲೇ ಇದ್ದ. ಆಗಬೇಕಾದದ್ದು ಅಷ್ಟು ಹೊತ್ತಿಗೆ ಆಗಿಹೋಗಿತ್ತು.

ಪರೀಕ್ಷೆಗೆ ಇನ್ನೇನು ಮೂರು ದಿನ ಇರುವಾಗ ಪುಟ್ಟಿಗೆ ಜ್ವರ ಬಂತು. ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆಗೆ ಕತ್ತಿನ ಮೇಲೆ, ಕೂದಲಿನ ಅಂಚಿನಲ್ಲಿ ಗುಳ್ಳೆಗಳು. ಅಕ್ಕ ನಂಬಲಾರದೆ ದೊಡ್ಡಮ್ಮನಿಗೆ ಫೋನು ಮಾಡಿ ಕೇಳಿದಳು. ದೊಡ್ಡಮ್ಮ ತಟ್ಟನೆ, “ಪುಟ್ಟಿಗೆಲ್ಲಿ ಬಂತೇ? ನಿನಗೆ ಬಂದಾಗ ಅವಳನ್ನ ನನ್ನ ಮನೇಲಿ ತಂದು ಬಿಟ್ಟಿದ್ರಲ್ಲ. ನಿಮ್ಮಮ್ಮ ಎಲ್ಲಾನೂ ಜೋಡಿ ಮಾಡಿ ಹೇಳೋಳು,” ಎಂದರು.

ಡಾಕ್ಟರಮ್ಮ ಪುಟ್ಟಿಗೂ ಅದನ್ನೇ ಹೇಳಿದರು. ಪುಟ್ಟಿ ಎಲ್ಲವನ್ನೂ ಕೇಳಿಸಿಕೊಂಡಳು. ಅಂಟುವುದು ಅಂದರೆ ನೀವು ಯಾವುದನ್ನು ಅಂತೀರಿ ಎಂದು ಕೇಳಿದಳಂತೆ. ಗುಳ್ಳೆ ಮಾತ್ರವಲ್ಲ, ಒಂದೇ ಕೋಣೆಯಲ್ಲಿ ಕೂತು ಉಸಿರಾಡಿದರೂ ಸಾಕು ಎಂದರಂತೆ ಅವರು. ಆಮೇಲೆ ಅವಳೇ ಶಾಲೆಗೆ ಫೋನು ಮಾಡಿದಳು. ಗುಮಾಸ್ತ ಒಳ್ಳೆಯವನು. ದಿನ ಬದಲಾಯಿಸಲು ಬರುವುದಿಲ್ಲ, ಗುಣವಾದ ಮೇಲೆ ಮುಂದಿನ ಸಲ ಬನ್ನಿ ಎಂದ. ಮುಂದಿನ ಸಲಕ್ಕೆ ತನಗೆ ನಲವತ್ತು ದಾಟಿರುತ್ತದೆ ಎಂದಳು. ಅವನು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಆರೋಗ್ಯ ಚೆನ್ನಾಗಿ ನೋಡಿಕೊಳ್ಳಿ ಎಂದ.

ಸಂಜೆ ಕನ್ನಡಿ ಅವಳ ಕೋಣೆಗೆ ಹೋದ. ಕಾಯಿಲೆ ಒಮ್ಮೆ ಬಂದು ಹೋದವನಿಗೆ ಇನ್ನು ಹೆದರಿಕೆ ಇರಲಿಲ್ಲ, ಆ ವಿಷಯದಲ್ಲಿ ಮಾತ್ರ. ಅರ್ಧ ಹೆಣೆದ ಕುರ್ಚಿ ಹಾಸಿಗೆಯ ಪಕ್ಕದಲ್ಲಿತ್ತು. ಅವನು ಅದನ್ನು ನೋಡದೆ ನಿಂತು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಉಪಾಯವನ್ನು ಬಿಚ್ಚಿದ. ಮುಖದಲ್ಲಿ ಇರುವುದು ಮೂರೇ, ಅದಕ್ಕೆ ಪೌಡರ್. ಉದ್ದ ತೋಳಿನ ರವಿಕೆ, ಕತ್ತಿಗೆ ಸೆರಗು. ಜ್ವರಕ್ಕೆ ಮಾತ್ರೆ. ಮೂರು ಗಂಟೆಯ ಕೆಲಸ. ಆಟೋದಲ್ಲಿ ತಾನೇ ಕರೆದುಕೊಂಡು ಹೋಗಿ, ತಾನೇ ಕರೆತರುತ್ತೇನೆ.

ಪುಟ್ಟಿ ಎದ್ದು ಕೂತು ಎಲ್ಲವನ್ನೂ ಕೇಳಿದಳು. ಇಲ್ಲ ಎಂದು ತಕ್ಷಣ ಹೇಳಲಿಲ್ಲ. ಅವಳೂ ಬೆಳಿಗ್ಗೆಯಿಂದ ಅದೇ ಉಪಾಯವನ್ನು ಮಾಡಿ ನೋಡಿದ್ದಳು. ಪೌಡರಿನ ಡಬ್ಬಿ ದಿಂಬಿನ ಪಕ್ಕದಲ್ಲೇ ಇತ್ತು.

“ಪ್ರವೇಶಪತ್ರ ತರೋಕೆ ಹೋಗಿದ್ನಲ್ಲ ಭಾವ, ಅವತ್ತು ಒಬ್ಬಳು ಸಿಕ್ಕಿದ್ಳು,” ಎಂದಳು. “ಏಳು ತಿಂಗಳ ಬಸುರಿ. ಬಗ್ಗಿ ಹೆಣೆಯೋಕಾಗಲ್ಲ, ಕುರ್ಚೀನ ಸ್ಟೂಲ್ ಮೇಲಿಟ್ಕೋಬಹುದಾ ಅಂತ ಗುಮಾಸ್ತನ್ನ ಕೇಳ್ತಿದ್ಳು. ನಾಳೆ ನನ್ನ ಪಕ್ಕದಲ್ಲೇ ಕೂರ್ತಾಳೋ ಏನೋ.”

“ಅವಳಿಗೆ ಚಿಕ್ಕೋಳಿದ್ದಾಗ್ಲೇ ಬಂದು ಹೋಗಿರುತ್ತೆ ಬಿಡು.”

“ನನಗೂ ಹಾಗೇ ಅಂದಿದ್ರಲ್ಲ.”

ಅವಳು ಅದನ್ನು ಚುಚ್ಚಲು ಹೇಳಿರಲಿಲ್ಲ. ಲೆಕ್ಕ ತಾಳೆ ನೋಡುವವಳ ಹಾಗೆ ಹೇಳಿದ್ದಳು. ಆಮೇಲೆ ದಿಂಬು ಸರಿಮಾಡಿಕೊಂಡು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಮರುದಿನ ಪರೀಕ್ಷೆಯ ಹೊತ್ತು ಬಂತು, ಹೋಯಿತು. ಅವಳ ಕಾಲಿನ ಮೇಲೂ ಗುಳ್ಳೆಗಳು ಎದ್ದವು.

ಅವಳು ರಜೆಯಲ್ಲಿದ್ದದ್ದು ಹತ್ತಿರ ಹತ್ತಿರ ಎರಡು ವಾರ. ಯಜಮಾನರು ಎರಡು ಸಲ ವಿಚಾರಿಸಿದರು. ಅಕ್ಕನಿಂದ ಬೆನ್ನು, ತಲೆ, ಕಿವಿಯ ಹಿಂದೆ ಎಲ್ಲ ಕಡೆ ನೋಡಿಸಿಕೊಂಡು, ಹಕ್ಕಳೆ ಕಟ್ಟದ ಒಂದೇ ಒಂದು ಗುಳ್ಳೆ ಇರುವವರೆಗೂ ಅವಳು ಹೊಸ್ತಿಲು ದಾಟಲಿಲ್ಲ. ಕಾರ್ಖಾನೆಯಲ್ಲಿ ಇನ್ನು ಯಾರಿಗೂ ಅದು ಬರಲಿಲ್ಲ.

ಆ ಎರಡು ವಾರದಲ್ಲಿ ಕನ್ನಡಿ ಯಾರಿಗೂ ಹೇಳದೆ ಶಾಲೆಗೆ ಹೋಗಿ ಬಂದ. ಮುಖ್ಯಸ್ಥರ ಮುಂದೆ ನಿಂತು, ತಪ್ಪು ತನ್ನದು, ನಾದಿನಿಯದಲ್ಲ, ಅವಳಿಗೆ ಇನ್ನೊಂದು ದಿನ ಕೊಡಬೇಕು ಎಂದ. ಬೆರಳಿನ ಪರೀಕ್ಷೆ, ಬೀರುವಿನ ಬೆನ್ನು, ಅರಗು, ಸ್ಪಿರಿಟು ಎಲ್ಲವನ್ನೂ ವಿವರಿಸಿದ. ಮುಖ್ಯಸ್ಥರು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡು, ಈಗ ನಿಮಗೆ ಪೂರ್ತಿ ವಾಸಿಯಾಗಿದೆ ತಾನೆ ಎಂದು ವಿಚಾರಿಸಿದರು. ಆಮೇಲೆ, ಆಯ್ಕೆ ಅವತ್ತೇ ಮುಗಿಯಿತು, ಬಂದವರಲ್ಲಿ ಒಬ್ಬರನ್ನು ತೆಗೆದುಕೊಂಡಿದ್ದೇವೆ ಎಂದರು. ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಅಷ್ಟು ಮರ್ಯಾದೆಯ ಮನುಷ್ಯನೊಂದಿಗೆ ಜಗಳವಾಡುವುದು ಹೇಗೆಂದು ಕನ್ನಡಿಗೆ ಹೊಳೆಯಲಿಲ್ಲ.

ಪುಟ್ಟಿ ಕೆಲಸಕ್ಕೆ ಬಂದ ದಿನ ಅದನ್ನು ಅವಳಿಗೆ ಹೇಳಿದ. ಅವಳು ಯಾರನ್ನು ತೆಗೆದುಕೊಂಡರಂತೆ ಎಂದು ಕೇಳಿದಳು. ಅವನು ಅದನ್ನು ಕೇಳಿಯೇ ಇರಲಿಲ್ಲ.

“ಅದನ್ನ ಕೇಳ್ಕೊಂಡು ಬರಬೇಕಿತ್ತು,” ಎಂದಳು. ಅಷ್ಟೇ. ಮರಳುಕಾಗದ ತೆಗೆದುಕೊಂಡು ಮೇಜಿನ ಕಾಲು ಉಜ್ಜಲು ಕೂತಳು. ಬಡಗಿಗಳು ಅವಳ ಹೆಸರು ಹಿಡಿದು ತಮಾಷೆ ಮಾಡುವುದನ್ನು ಬಿಟ್ಟಿದ್ದರು. ಡಬ್ಬಿ ಬೇಕಾದಾಗ ಆ ಡಬ್ಬಿ, ಆ ಬಿಳೀದು, ಎನ್ನುತ್ತಿದ್ದರು. ಅದನ್ನು ಅವಳು ಗಮನಿಸಿದಳು. ತಮಾಷೆ ಇದ್ದಿದ್ದರೇ ವಾಸಿ ಎಂದು ಅಕ್ಕನಿಗೆ ಹೇಳಿದಳು.

ಅವಳ ಬೈಗುಳಕ್ಕಾಗಿ ಕನ್ನಡಿ ಕಾದ. ಸಣ್ಣದಕ್ಕೆಲ್ಲ ಬಾಯಿಗೆ ಬಂದಂತೆ ಬೈಯುವವಳು ಅವಳು. ಹಿಂದೊಮ್ಮೆ ಅವನು ಅವಳ ನೆನೆಹಾಕಿದ ಬೆತ್ತದ ಬಕೆಟ್ಟನ್ನು ಎಡವಿ ಚೆಲ್ಲಿದಾಗ ಮೂರು ದಿನ ಬೈದಿದ್ದಳು. ಈಗ ಬೆಳಿಗ್ಗೆ ಬಂದರೆ ತಿಂಡಿ ಆಯ್ತಾ ಭಾವ, ಸಂಜೆ ಹೊರಟರೆ ಬರ್ತೀನಿ ಭಾವ. ಅವನು ಬೇಕೆಂದೇ ಅವಳ ಕತ್ತರಿಯನ್ನು ಬೇರೆ ಕಡೆ ಇಟ್ಟು ನೋಡಿದ. ಅವಳು ಹುಡುಕಿ ತೆಗೆದುಕೊಂಡಳು.

ಅವಳಿಗೆ ನಲವತ್ತು ತುಂಬಿದ ಸಂಜೆ ಅಕ್ಕ ಊಟಕ್ಕೆ ಕರೆದಳು. ಕನ್ನಡಿ ಏನು ತರುವುದೆಂದು ತಿಳಿಯದೆ ಅಂಗಡಿಯಿಂದ ಅಂಗಡಿಗೆ ತಿರುಗಿ, ಕೊನೆಗೆ ಬರಿಗೈಯಲ್ಲಿ ಬಂದು ಹೊರಕೋಣೆಯಲ್ಲಿ ಕೂತಿದ್ದ. ಒಳಗೆ ಅಡುಗೆಮನೆಯಲ್ಲಿ ಅಕ್ಕತಂಗಿಯರ ಮಾತು ನಡೆದಿತ್ತು. ಯಾರದ್ದೋ ಮಗಳ ನೌಕರಿ, ಏರಿದ ಬಾಡಿಗೆ, ನಲ್ಲಿಯ ನೀರು. ಆಮೇಲೆ ಹೆಂಡತಿಯ ದನಿ ತಗ್ಗಿತು. ತಗ್ಗಿದ ದನಿ ಆ ಮನೆಯಲ್ಲಿ ಇನ್ನೂ ಸ್ಪಷ್ಟವಾಗಿ ಕೇಳುತ್ತಿತ್ತು.

“ಒಂದ್ಸಲ ಚೆನ್ನಾಗಿ ಬೈದ್ಬಿಡೇ ಅವರಿಗೆ. ಎರಡು ತಿಂಗಳಿಂದ ಸರಿಯಾಗಿ ಊಟ ಸೇರ್ತಿಲ್ಲ, ನಿದ್ದೆ ಇಲ್ಲ.”

ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

“ಏನಂತ ಬೈಲಿ ಅಕ್ಕ?” ಎಂದಳು ಪುಟ್ಟಿ. “ಕುಡಿದು ಬಂದು ಮಾಡಿದ್ರಾ, ಹೊಟ್ಟೆಕಿಚ್ಚಿಗೆ ಮಾಡಿದ್ರಾ? ನನ್ನ ಕುರ್ಚಿ ಚೆನ್ನಾಗಿರ್ಲಿ ಅಂತ ಮೈಮೇಲೆ ಕಾಯಿಲೆ ಇಟ್ಕೊಂಡು ಬಂದ್ರು. ಅದಕ್ಕೆ ಬೈಗುಳ ಹುಡುಕ್ತಾನೇ ಇದೀನಿ. ಸಿಗ್ತಿಲ್ಲ.”

ಸ್ವಲ್ಪ ಹೊತ್ತಿನ ಮೇಲೆ ತಟ್ಟೆಗಳನ್ನು ತೆಗೆಯುವ ಸದ್ದು ಕೇಳಿಸಿತು, ಊಟಕ್ಕೆ ಏಳಿ ಎಂದು ಕರೆದರು. ಕನ್ನಡಿ ಎದ್ದು ಒಳಗೆ ಹೋಗಿ ಕೂತ. ಬಡಿಸಿದ್ದನ್ನೆಲ್ಲ ಉಂಡ, ಕೇಳಿ ಹಾಕಿಸಿಕೊಂಡು ಉಂಡ. ಪುಟ್ಟಿ ಎದುರಿಗೇ ಕೂತು, ಊಟ ಸೇರ್ತಿಲ್ಲ ಅಂದ್ಯಲ್ಲ ಅಕ್ಕ ಎಂದು ನಕ್ಕಳು. ಅವನೂ ನಕ್ಕ. ತಲೆ ಎತ್ತಲಿಲ್ಲ.